ಮಂಜಿನಲ್ಲಿ ನಿಂತ ಗಂಟೆ

"ಸರ್, ಎಷ್ಟು ಹೊತ್ತು ಅಂತ ಬಕೆಟ್ಟಿನೊಳಗೆ ಮುಖ ಇಟ್ಕೊಂಡಿರ್ತೀರಿ? ತಲೆ ಎತ್ತಿ ನೋಡಿ. ದೀಪಸ್ತಂಭ ಕಾಣಿಸ್ತಿದೆ!"

ಭೂತಗನ್ನಡಿ ಎಂದೇ ಎಲ್ಲರೂ ಕರೆಯುವ ಆ ಹಿರಿಯರು ತಲೆ ಎತ್ತಲಿಲ್ಲ. ಕೇಳಿಸಿತು ಎಂಬಂತೆ ಒಂದು ಕೈಯನ್ನು ಮಾತ್ರ ಮೇಲೆತ್ತಿ ಆಡಿಸಿದರು.

"ಮೂವತ್ತು ವರ್ಷ ಹಡಗುಗಳ ತಪಾಸಣೆ ಮಾಡಿದೋನು ನಾನು," ಎಂದರು ಬಕೆಟ್ಟಿನ ಒಳಗಿನಿಂದಲೇ. "ಎಲ್ಲಾ ಬಂದರು ಕಟ್ಟೆಗೆ, ಧಕ್ಕೆಗೆ ಕಟ್ಟಿ ನಿಲ್ಲಿಸಿದ ಹಡಗು. ಆಮೇಲೆ ಈ ಪತ್ತೇದಾರಿಕೆ. ಕಂಡವರ ಹೊಟ್ಟೇಲಿರೋದನ್ನ ಹೊರಗೆ ಹಾಕಿಸೋದೇ ಕಸುಬು. ಇವತ್ತು ಸಮುದ್ರ ಆ ಕಸುಬನ್ನ ನನ್ನ ಮೇಲೇ ತೋರಿಸ್ತಾ ಇದೆ, ತಾಯಿ."

ಹಾಯಿಯಕ್ಕ ಬಾಯಿತುಂಬ ನಕ್ಕಳು. ಅರವತ್ತನಾಲ್ಕು ದಿನಗಳ ಈ ಪಯಣದಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಅವಳಿಗೆ ನಲವತ್ತೊಂದು. ಊರಿನ ಧಕ್ಕೆಯ ಪಕ್ಕದ ಶೆಡ್ಡಿನಲ್ಲಿ ಹಾಯಿ ಹೊಲಿಯುವುದು ಕೆಲಸ. ಬೆರಳ ತುದಿಗಳೆಲ್ಲ ದಪ್ಪ ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ್ದವು. ದೋಣಿಯವರು ಇಟ್ಟ ಅಡ್ಡಹೆಸರೇ ಈಗ ಅವಳ ಹೆಸರು.

ಅವಳು ನಡೆಸುತ್ತಿದ್ದ ಇಪ್ಪತ್ತೆರಡು ಅಡಿಯ ಹಾಯಿದೋಣಿ 'ಎಳೆಗರು' ಅವಳ ಅಣ್ಣ ಕೈಯಾರೆ ಕಟ್ಟಿದ್ದು. ಮೂರು ವರ್ಷದ ಹಿಂದೆ ಇದೇ ದೋಣಿಯಲ್ಲಿ ಅವನು ಕರಾವಳಿಯ ಈ ತುದಿಯಿಂದ ಆ ತುದಿಗೆ ಹೊರಟಿದ್ದ. ಗುರಿ ಇನ್ನು ನಲವತ್ತು ಮೈಲಿ ಇರುವಾಗ ಎಳೆಗರು ಸಿಕ್ಕಿತ್ತು, ಖಾಲಿಯಾಗಿ, ತೇಲುತ್ತ. ಅಣ್ಣ ಸಿಕ್ಕಿರಲಿಲ್ಲ.

"ಸಮುದ್ರಪಾಲಾದ" ಎಂದು ಎಲ್ಲರೂ ಹೇಳಿದರು. ಹಾಯಿಯಕ್ಕ ಮಾತ್ರ ಹೇಳಲಿಲ್ಲ. ದೋಣಿಯನ್ನು ರಿಪೇರಿ ಮಾಡಿಸಿ, ಅಣ್ಣ ಎಲ್ಲಿಂದ ಹೊರಟಿದ್ದನೋ ಅಲ್ಲಿಂದಲೇ ಹೊರಟಳು. ಅವನು ತಂಗಿದ್ದ ಪ್ರತಿ ಬಂದರಿನಲ್ಲೂ ತಂಗಿದಳು. ಕೊನೆಯ ಬಂದರಿನವರೆಗೆ ಒಬ್ಬಳೇ ಬಂದಿದ್ದಳು. ಅಲ್ಲಿ ಭೂತಗನ್ನಡಿ ಹತ್ತಿಕೊಂಡರು, ಎರಡು ತಿಂಗಳಿಂದ ಅವಳಿಗಾಗಿ ಅಣ್ಣನ ಸುಳಿವು ಹುಡುಕುತ್ತಿದ್ದ ಪತ್ತೇದಾರ. ದೋಣಿ ಕೆಲಸಕ್ಕೆ ಅವರು ಎಷ್ಟು ಉಪಯೋಗ ಎಂದು ಯಾರಾದರೂ ಕೇಳಿದರೆ, "ತಳದಲ್ಲಿ ಭಾರಕ್ಕೆ ಕಲ್ಲು ಇಡ್ತಾರಲ್ಲ, ಅಷ್ಟು" ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಗಾಳಿ ಹದವಾಗಿತ್ತು. ಬೆಳಗಿನ ಹತ್ತು ಗಂಟೆ ದಾಟಿದ ಬಿಸಿಲು. ದೂರದಲ್ಲಿ ಬಂದರಿನ ಅಲೆತಡೆ ಗೋಡೆ, ಅದರ ತುದಿಯಲ್ಲಿ ಬಿಳಿ ದೀಪಸ್ತಂಭ.

ಭೂತಗನ್ನಡಿ ಕೊನೆಗೂ ತಲೆ ಎತ್ತಿದರು. ಮುಖ ಒರೆಸಿಕೊಂಡರು. ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು.

"ಧಕ್ಕೆ ಮುಟ್ಟೋ ಮೊದಲು ಇದನ್ನೊಮ್ಮೆ ನೋಡಿಬಿಡಿ. ನಿನ್ನೆ ಪೊಲೀಸ್ ಠಾಣೆಯ ಉಗ್ರಾಣದಿಂದ ಬಿಡಿಸಿಕೊಂಡು ಬರೋಕೆ ನನಗೆ ಐದು ಗಂಟೆ ಬೇಕಾಯ್ತು. ತಂಗಿಯಾಗಿ ನೋಡಬೇಡಿ. ಹೊಲಿಗೆಯವಳಾಗಿ ನೋಡಿ."

ಒಳಗಿದ್ದದ್ದು ಎರಡು ಬೆರಳಗಲದ ನೈಲಾನ್ ಪಟ್ಟಿ. ಸಮುದ್ರದಲ್ಲಿರುವಾಗ ಎದೆಗೆ ಕಟ್ಟಿಕೊಂಡ ಬೆಲ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ದೋಣಿಗೆ ಬಿಗಿದುಕೊಳ್ಳುವ ಪಟ್ಟಿ. ಅಣ್ಣನದು. ಖಾಲಿ ದೋಣಿಯಲ್ಲಿ ಅದರ ಅರ್ಧ ಮಾತ್ರ ಸಿಕ್ಕಿತ್ತು. 'ಅಲೆಯ ಹೊಡೆತಕ್ಕೆ ಪಟ್ಟಿ ಹರಿದು ವ್ಯಕ್ತಿ ನೀರಿಗೆ ಬಿದ್ದಿರುವುದು' ಎಂದು ವರದಿಯಲ್ಲಿ ಬರೆದಿದ್ದರು.

ಹಾಯಿಯಕ್ಕ ಚುಕ್ಕಾಣಿಯನ್ನು ತೊಡೆಗೆ ಆನಿಸಿಕೊಂಡು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು.

"ಇದು ಹರಿದಿಲ್ಲ, ಸರ್."

"ಹೂಂ?"

"ಹರಿದಿದ್ದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಪೊರಕೆ ಥರ ಆಗ್ತಿತ್ತು. ಇದನ್ನ ಕತ್ತರಿಸಿದ್ದಾರೆ. ಕತ್ತರಿಸಿ..." ಅವಳ ದನಿ ತಗ್ಗಿತು. "ಕತ್ತರಿಸಿ, ತುದಿ ಸುಟ್ಟಿದ್ದಾರೆ. ಎಳೆ ಬಿಚ್ಚಬಾರದು ಅಂತ ಲೈಟರಿನಲ್ಲಿ ಸುಡ್ತೀವಿ. ನೋಡಿ, ಕರಗಿ ಗಟ್ಟಿಯಾಗಿದೆ."

"ನೀರಿಗೆ ಬೀಳ್ತಾ ಇರೋ ಮನುಷ್ಯ ಲೈಟರ್ ಹಚ್ಚಿಕೊಂಡು ಕೂರ್ತಾನಾ?"

"ಇಲ್ಲ."

"ಕೊಲೆ ಮಾಡೋಕೆ ಬಂದೋನು?"

"ಅವನಿಗೂ ಅಷ್ಟು ವ್ಯವಧಾನ ಎಲ್ಲಿರುತ್ತೆ?"

"ಹಾಗಾದರೆ ಇದು ಕೆಟ್ಟ ಯೋಚನೆ ಅಲ್ಲ, ತಾಯಿ. ಅಭ್ಯಾಸ. ತಲೆ ಎಲ್ಲೋ ಇದ್ದಾಗಲೂ ಕೈ ತಾನಾಗಿಯೇ ಮಾಡೋ ಕೆಲಸ. ಈ ಅಭ್ಯಾಸ ಯಾರಿಗಿದೆ?"

ಹಾಯಿಯಕ್ಕ ಸುಟ್ಟ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಅಣ್ಣನಿಗೆ. ಸುಡದ ತುದಿ ಕಂಡರೆ ಉರಿದುಬೀಳ್ತಿದ್ದ. 'ಸುಡದ ತುದಿ, ಕಟ್ಟದ ಬಾಯಿ, ಎರಡೂ ಒಂದೇ' ಅಂತಿದ್ದ. ಬೈದೂ ಬೈದೂ ನನಗೂ ಕಲಿಸಿದ. ಆಮೇಲೆ..."

"ಆಮೇಲೆ?"

"ನಕ್ಷೆಯಣ್ಣನಿಗೆ."

ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿ ಗಾಳಿಗೆ ಮುಖ ಕೊಟ್ಟು ನಿಂತೇಬಿಟ್ಟಿತ್ತು. ಅವಳ ತೊಡೆ ಚುಕ್ಕಾಣಿಯಿಂದ ಸರಿದದ್ದು ಅವಳಿಗೆ ಗೊತ್ತಾಗಿರಲಿಲ್ಲ.

"ಚುಕ್ಕಾಣಿ, ತಾಯಿ, ಚುಕ್ಕಾಣಿ! ನನಗೆ ಈಜು ಬರಲ್ಲ!"

ಅವಳು ಚುಕ್ಕಾಣಿ ಹಿಡಿದಳು. ಹಾಯಿ ಮತ್ತೆ ತುಂಬಿತು. ಆದರೆ ಮುಖದ ಬಣ್ಣ ಮರಳಲಿಲ್ಲ.

ನಕ್ಷೆಯಣ್ಣ ಎಂದರೆ ಅಣ್ಣನ ಜೀವದ ಗೆಳೆಯ. ಕಡಲ ನಕ್ಷೆ ಓದುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಮೂರು ವರ್ಷದ ಹಿಂದೆ ಇಬ್ಬರೂ ಜೊತೆಗೇ ಹೊರಟಿದ್ದರು. ಕೊನೆಯ ಬಂದರಿನಲ್ಲಿ ತನಗೆ ಜ್ವರ ಬಂತೆಂದೂ, ತಾನು ಅಲ್ಲೇ ವಸತಿಗೃಹದಲ್ಲಿ ಉಳಿದೆನೆಂದೂ, ಅಣ್ಣ ಒಬ್ಬನೇ ಹೋದನೆಂದೂ ಅವನು ಹೇಳಿಕೆ ಕೊಟ್ಟಿದ್ದ. ಆಮೇಲೆ ದೋಣಿ ಹತ್ತಿರಲಿಲ್ಲ. ಈಗ ಅವನು ಇದೇ ಬಂದರಿನ ಹಾಯಿದೋಣಿ ಕ್ಲಬ್ಬಿನ ಕಾರ್ಯದರ್ಶಿ. ಇವತ್ತು ಅವಳನ್ನು ಎದುರುಗೊಳ್ಳಬೇಕಾದವನೂ ಅವನೇ.

"ಅವನು ಅಣ್ಣನ್ನ..." ಹಾಯಿಯಕ್ಕ ದೀಪಸ್ತಂಭದ ಕಡೆ ನೋಡಿದಳು.

"ನಾನು ಹಾಗನ್ನಲಿಲ್ಲ. ಅವಸರ ಬೇಡ. ಮೊದಲು ನಿಮ್ಮ ಕೆಲಸ ಮುಗಿಸಿ. ಅರವತ್ತನಾಲ್ಕು ದಿನದ ದಾರಿ. ಕೊನೇ ಒಂದು ಮೈಲೀನ ಬೇರೆಯವರ ಯೋಚನೇಲಿ ಕಳೀಬೇಡಿ."

ಅವಳು ಉಸಿರೆಳೆದುಕೊಂಡಳು. ಹಗ್ಗ ಬಿಗಿದಳು. ಎಳೆಗರು ಓರೆಯಾಗಿ, ನೀರು ಸೀಳುತ್ತ ಓಡಿತು.

ಅಲೆತಡೆ ಗೋಡೆಯ ನೆರಳು ದೋಣಿಯ ಮೇಲೆ ಬಿತ್ತು. ದಾಟಿತು. ಒಮ್ಮೆಲೇ ಅಲೆಗಳೆಲ್ಲ ಅಡಗಿ, ನೀರು ತಟ್ಟೆಯಲ್ಲಿಟ್ಟಂತೆ ಆಯಿತು.

ಹಾಯಿಯಕ್ಕ ಚುಕ್ಕಾಣಿಯ ಮೇಲೆ ಹಣೆ ಇಟ್ಟಳು. ಸಾವಿರದ ನೂರ ನಲವತ್ತು ಮೈಲಿ. ಎರಡು ಹರಿದ ಹಾಯಿ, ಒಂದು ಮುರಿದ ಬೆರಳು, ಹನ್ನೊಂದು ಬಂದರು.

"ಮುಟ್ಟಿದೆ ಕಣೋ ಅಣ್ಣ," ಎಂದಳು. "ನಿನ್ನ ದೋಣಿ ಮುಟ್ಟಿಸಿದೆ."

ಭೂತಗನ್ನಡಿ ಬೇರೆ ಕಡೆ ನೋಡುತ್ತ ಕನ್ನಡಕ ಒರೆಸಿಕೊಂಡರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

*

ಧಕ್ಕೆಯ ಮೇಲೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕ್ಲಬ್ಬಿನ ಸದಸ್ಯರು, ಮೀನುಗಾರರು, ಒಬ್ಬಳು ಪತ್ರಿಕೆಯವಳು. ಚಪ್ಪಾಳೆ. ಯಾರೋ ಫ್ಲಾಸ್ಕಿನಿಂದ ಚಹಾ ಸುರಿದು ಹಾಯಿಯಕ್ಕನ ಕೈಗೆ ಕೊಟ್ಟರು.

ಎಲ್ಲರಿಗಿಂತ ಮುಂದೆ ನಕ್ಷೆಯಣ್ಣ ನಿಂತಿದ್ದ. ನಲವತ್ತೈದಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳು ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಸುತ್ತಿದ. ಸಾವಿರ ಸಲ ಹಾಕಿದ ಗಂಟು. ಮೂರು ಸಲ ತಪ್ಪಿದ.

"ಬಂದ್ಯಾ ತಂಗೀ?" ಎಂದ. ಕಣ್ಣು ಅವಳ ಮೇಲಿರಲಿಲ್ಲ, ದೋಣಿಯ ಮೇಲಿತ್ತು.

"ಬಂದೆ ನಕ್ಷೆಯಣ್ಣ."

ಭೂತಗನ್ನಡಿ ಗಟ್ಟಿ ನೆಲದ ಮೇಲೆ ಎರಡು ಹೆಜ್ಜೆ ಇಟ್ಟು, ಅದು ಅಲ್ಲಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ದೋಣಿಯೊಳಗಿನ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ಧಕ್ಕೆಯ ಮೇಲೆ ಜೋಡಿಸತೊಡಗಿದರು. ಸ್ಟೌ, ದುರ್ಬೀನು, ಲಂಗರು, ಹಗ್ಗದ ಸುರುಳಿ. ಕೊನೆಗೆ ಕಾಲಲ್ಲಿ ಒತ್ತುವ ಒಂದು ಹಳೇ ಹಳದಿ ಪಂಪು.

"ಕಾರ್ಯದರ್ಶಿಗಳೇ, ಒಂದು ಅನುಮಾನ. ಇದು ಗಾಳಿ ತುಂಬೋ ಪಂಪು. ಮೂರು ವರ್ಷದಿಂದ ದೋಣಿಯ ಬಲಗಡೆ ಪೆಟ್ಟಿಗೇಲೇ ಬಿದ್ದಿದೆ. ಯಾವುದಕ್ಕೆ ತುಂಬ್ತಿದ್ರಿ?"

ನಕ್ಷೆಯಣ್ಣ ತಟ್ಟನೆ ಹೇಳಿದ: "ರಬ್ಬರ್ ದೋಣಿ ಇರಲೇ ಇಲ್ಲ. ಭಾರ ಅಂತ ಕೊನೇ ಬಂದರಲ್ಲೇ ಬಿಟ್ಟಿದ್ವಿ."

"ನಾನು ರಬ್ಬರ್ ದೋಣಿ ಅನ್ನಲೇ ಇಲ್ಲವಲ್ಲ, ಸ್ವಾಮಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಕ್ಷೆಯಣ್ಣನ ಕಿವಿಗಳು ಕೆಂಪಗಾದವು.

"ಮೇಲೆ ಆಫೀಸಿಗೆ ಬನ್ನಿ," ಎಂದ ಮೆಲ್ಲಗೆ. "ಸರ್ಟಿಫಿಕೇಟಿಗೆ ಸಹಿ ಹಾಕಬೇಕು."

*

ಕ್ಲಬ್ಬಿನ ಆಫೀಸು ಮಹಡಿಯ ಮೇಲೆ. ಗೋಡೆಯ ತುಂಬ ಕಡಲ ನಕ್ಷೆಗಳು. ಒಣಗಲು ಹಾಕಿದ ಲೈಫ್ ಜಾಕೆಟ್ಟುಗಳು. ಮೇಜಿನ ಮೇಲೆ ಹಾಯಿಯಕ್ಕನ ಹೆಸರಿನ ಸರ್ಟಿಫಿಕೇಟು, ಚೌಕಟ್ಟು ಹಾಕಿಸಿ ಸಿದ್ಧವಾಗಿತ್ತು.

ನಾಲ್ಕು ಕಿಟಕಿಗಳು. ಮೂರರ ಗಾಜು ಉಪ್ಪುಗಾಳಿಗೆ ಮಂಕು ಹಿಡಿದಿತ್ತು. ಬಂದರಿನ ಬಾಯಿಯತ್ತ ತೆರೆಯುವ ನಾಲ್ಕನೆಯದು ಮಾತ್ರ ಫಳಫಳ. ಅದರ ಮುಂದೊಂದು ಮರದ ಕುರ್ಚಿ, ಕೈಗಳ ವಾರ್ನಿಷು ಸವೆದು ಹೋಗಿತ್ತು.

ಭೂತಗನ್ನಡಿ ಆ ಕುರ್ಚಿಯ ಮೇಲೆ ಕೂತರು. ಎದ್ದರು.

"ಇದು ನಿಮ್ಮ ಜಾಗ, ಸ್ವಾಮಿ. ನೀವೇ ಕೂತುಕೊಳ್ಳಿ. ಮೂರು ವರ್ಷದಿಂದ ಇಲ್ಲಿ ಕೂತು ಯಾರ ದಾರಿ ನೋಡ್ತಿದ್ದೀರಿ?"

ನಕ್ಷೆಯಣ್ಣ ಕೂರಲಿಲ್ಲ.

"ನಾನೇ ಹೇಳಲಾ?" ಭೂತಗನ್ನಡಿ ಜೇಬಿನಿಂದ ಚೀಟಿ ತೆಗೆದರು. "ಜ್ವರ ಬಂದು ವಸತಿಗೃಹದಲ್ಲಿ ಮಲಗಿದ್ದೆ ಅಂದಿದ್ದಿರಿ. ಪೊಲೀಸರು ನಂಬಿದರು. ನಾನು ಅನುಮಾನದ ಪ್ರಾಣಿ, ಮೊನ್ನೆ ಹೋಗಿ ಕೇಳಿದೆ. ಆ ಮನೆಯೊಡತಿಗೆ ನಿಮ್ಮ ನೆನಪು ಚೆನ್ನಾಗಿದೆ. ನೀವು ಬಂದದ್ದು ದೋಣಿ ಹೊರಟ ದಿನ ಅಲ್ಲ. ಎರಡು ದಿನ ಆದಮೇಲೆ. ನಡ್ಕೊಂಡು. ಅಂಗಾಲು ತುಂಬ ಗಾಯ. ಕಲ್ಲಿಗೆ ಅಂಟಿರೋ ಚಿಪ್ಪು ಕೊಯ್ದ ಗಾಯ. ಆಕೆಯೇ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ್ದಂತೆ. ಜ್ವರದೋರಿಗೆ ಅಂಗಾಲಲ್ಲಿ ಚಿಪ್ಪು ಹೇಗೆ ಹತ್ತುತ್ತೆ?"

ಅವನು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡ.

ಭೂತಗನ್ನಡಿ ನೈಲಾನ್ ಪಟ್ಟಿಯನ್ನು ಸರ್ಟಿಫಿಕೇಟಿನ ಮೇಲೆ ಇಟ್ಟರು. ಸುಟ್ಟ ತುದಿ ಅವನ ಕಡೆಗೆ.

ನಕ್ಷೆಯಣ್ಣ ಅದನ್ನು ನೋಡಿದ. ಕುರ್ಚಿಯಲ್ಲಿ ಕುಸಿದ.

"ಸುಟ್ಟಿದ್ದೀನಾ?" ಎಂದ. "ಅಯ್ಯೋ. ಅದು ನನಗೆ ಗೊತ್ತೇ ಆಗಲಿಲ್ಲ."

"ಅಣ್ಣನ್ನ ಏನು ಮಾಡಿದೆ?" ಹಾಯಿಯಕ್ಕ ಮೇಜಿನ ಮೇಲೆ ಎರಡೂ ಕೈ ಊರಿ ಬಾಗಿದಳು. "ಅವನು ನಿನ್ನ ಜೊತೆ ಒಂದೇ ತಟ್ಟೇಲಿ ಊಟ ಮಾಡಿದೋನು. ಹೇಳು. ಏನು ಮಾಡಿದೆ?"

"ಏನೂ ಮಾಡಲಿಲ್ಲ, ತಂಗೀ. ಅದೇ ನನ್ನ ತಪ್ಪು. ಮಾಡಬೇಕಾದ್ದನ್ನ ಮಾಡಲಿಲ್ಲ."

ಕೆಳಗೆ ಧಕ್ಕೆಯಲ್ಲಿ ಜನರ ನಗು ಕೇಳಿಸುತ್ತಿತ್ತು. ಭೂತಗನ್ನಡಿ ಬಾಗಿಲು ಮುಚ್ಚಿ ಬಂದರು.

"ನಾವು ಹೊರಟ ಅರವತ್ತೊಂದನೇ ದಿನ," ಎಂದ ನಕ್ಷೆಯಣ್ಣ. "ಬೆಳಿಗ್ಗೆ ಏಳು ಗಂಟೆ ಇರಬೇಕು. ಮಂಜು. ಎಂಥ ಮಂಜು ಅಂದರೆ ಹಾಯಿಗಂಬದ ತುದಿ ಕಾಣಿಸ್ತಿರಲಿಲ್ಲ. ಆಗ ಕೂಗು ಕೇಳಿಸ್ತು. ಕಾಪಾಡಿ ಅಂತ. ಒಬ್ಬರದಲ್ಲ, ಮೂರು ನಾಲ್ಕು ದನಿ. ಯಾವುದೋ ದೋಣಿ ಮಗುಚಿತ್ತು."

"ಆಮೇಲೆ?"

"ನಾನು ಬೇಡ ಅಂದೆ. ಹೌದು, ನಾನೇ ಅಂದೆ. ಕಲ್ಲುಬಂಡೆಗಳ ಜಾಗ ಅದು. ಎಳೆಗರು ಹೋದರೆ ಒಡೆದುಹೋಗುತ್ತೆ ಅಂದೆ. ಅವನು ನನ್ನ ಕಡೆ ಒಮ್ಮೆ ನೋಡಿದ. ಬೈಯಲಿಲ್ಲ. ರಬ್ಬರ್ ದೋಣಿಗೆ ಗಾಳಿ ತುಂಬಿದ. ತನ್ನ ಪಟ್ಟಿ ಬಿಚ್ಚಿಟ್ಟ. ಇಳಿಯೋವಾಗ ಹೇಳಿದ: 'ನಾನು ಬರೋ ತನಕ ದೋಣಿಯ ಗಂಟೆ ಬಾರಿಸ್ತಾ ಇರು. ಆ ಸದ್ದು ಹಿಡಿದೇ ನಾನು ವಾಪಸ್ ಬರಬೇಕು.'"

ಅವನು ಎರಡೂ ಅಂಗೈಗಳನ್ನು ನೋಡಿಕೊಂಡ.

"ಬಾರಿಸಿದೆ. ಕೂಗು ಕಡಿಮೆಯಾಯ್ತು. ಸಿಕ್ಕಿದರು ಅಂತ ಕಾಣುತ್ತೆ, ಅವನ ದನಿಯೂ ಕೇಳಿಸ್ತು. 'ಬಂದೆ ಬಂದೆ' ಅಂತ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಹಡಗಿನ ಕೂಗು. ದೊಡ್ಡ ಹಡಗು, ತೀರಾ ಹತ್ತಿರ. ನನ್ನ ಮೇಲೇ ಬರ್ತಿದೆ ಅನ್ನಿಸ್ತು. ಎಂಜಿನ್ ಹಾಕಿದೆ. ಓಡಿದೆ."

"ಗಂಟೆ?" ಹಾಯಿಯಕ್ಕ ಕೇಳಿದಳು.

ಅವನು ಆ ಅಂಗೈಗಳನ್ನು ಮಡಚಿಕೊಂಡ.

"ಎಷ್ಟು ಹೊತ್ತು ಬಾರಿಸಿದ್ದೆ?"

"ಇಪ್ಪತ್ತು ನಿಮಿಷ."

"ಅವನು ಎಷ್ಟು ಹೊತ್ತು ಬಾರಿಸು ಅಂದಿದ್ದ?"

"ತಾನು ಬರೋ ತನಕ."

ಹಾಯಿಯಕ್ಕ ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಹೆಗಲು ಏರಿ ಇಳಿಯುತ್ತಿತ್ತು.

"ಮಂಜು ಹರಿದ ಮೇಲೆ ಮಧ್ಯಾಹ್ನದ ತನಕ ಹುಡುಕಿದೆ," ನಕ್ಷೆಯಣ್ಣ ಮುಂದುವರಿಸಿದ. "ಯಾರೂ ಇಲ್ಲ. ಏನೂ ಇಲ್ಲ. ನಿನ್ನ ಮುಖ ನೆನಪಾಯ್ತು. ಗಂಟೆ ನಿಲ್ಲಿಸಿ ಓಡಿಬಂದೆ ಅಂತ ನಿನಗೆ ಹೇಗೆ ಹೇಳಲಿ? ಹರಿದ ಹಾಗೆ ಕಾಣಲಿ ಅಂತ ಪಟ್ಟಿ ಕತ್ತರಿಸಿದೆ. ದೋಣೀನ ತೆರೆದ ನೀರಿನ ಕಡೆ ತಿರುಗಿಸಿಟ್ಟು, ನಾನು ಬಂಡೆಗಳ ಮೇಲೆ ಹತ್ತಿ ದಡ ಸೇರಿದೆ. ಉಳಿದದ್ದು ನಿಮಗೆ ಗೊತ್ತು. ಉಪ್ಪು ತಿಂದೋನು ನೀರು ಕುಡೀಲೇಬೇಕು. ಪೊಲೀಸರನ್ನ ಕರೀರಿ. ನನಗೇನೂ ಬೇಜಾರಿಲ್ಲ."

ಹಾಯಿಯಕ್ಕ ಸರಕ್ಕನೆ ತಿರುಗಿದಳು.

"ಹೆದರಿದ್ದು ತಪ್ಪಲ್ಲ ನಕ್ಷೆಯಣ್ಣ. ಯಾರಾದ್ರೂ ಹೆದರ್ತಾರೆ. ನಾನು ಈ ಎರಡು ತಿಂಗಳಲ್ಲಿ ಎಷ್ಟು ಸಲ ಹೆದರಿ ಅತ್ತಿದ್ದೀನಿ ಗೊತ್ತಾ? ಆದರೆ ನೀನು ಬಾಯಿ ಬಿಟ್ಟಿದ್ದರೆ ಅವತ್ತೇ ಆ ಬಂಡೆಗಳ ಹತ್ತಿರ ಹುಡುಕ್ತಿದ್ದರು. ಎಲ್ಲರೂ ಹುಡುಕಿದ್ದು ದೋಣಿ ಸಿಕ್ಕಿದ ಕಡೆ. ಇಪ್ಪತ್ತು ಮೈಲಿ ಆಚೆ! ಬೇಡದ ಜಾಗದಲ್ಲಿ ಒಂಬತ್ತು ದಿನ ಹುಡುಕಿಸಿದೆಯಲ್ಲೋ!"

ಅವನು ಅಳತೊಡಗಿದ. ಸದ್ದಿಲ್ಲದೆ, ಹೆಗಲು ಅಲ್ಲಾಡಿಸುತ್ತ. ಹಾಯಿಯಕ್ಕ ಅವನನ್ನು ನೋಡುತ್ತ ನಿಂತಳು. ಹೊಡೆಯುತ್ತಾಳೇನೋ ಎಂದು ಭೂತಗನ್ನಡಿ ಒಂದು ಹೆಜ್ಜೆ ಮುಂದೆ ಬಂದರು. ಅವಳು ಹೊಡೆಯಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಮುಂದೆ ಕುಕ್ಕಿದಳು.

"ಕುಡಿ. ಅಳೋದು ಆಮೇಲೆ. ಇನ್ನೂ ಕೇಳೋದಿದೆ."

"ಸರಿಯಾದ ಮಾತು," ಎಂದರು ಭೂತಗನ್ನಡಿ. ಅವರ ಕಣ್ಣುಗಳಲ್ಲಿ ಈಗ ಬೇರೆಯೇ ಹೊಳಪಿತ್ತು. "ಸ್ವಾಮಿ, ನೀವು ಇಷ್ಟು ವರ್ಷ ಅತ್ತಿರಿ, ಲೆಕ್ಕಾಚಾರ ಮಾಡಲಿಲ್ಲ. ಆ ಮಗುಚಿದ ದೋಣೀಲಿ ಮೂರು ನಾಲ್ಕು ಜನ ಇದ್ದರು ಅಂದಿರಿ."

"ಹೌದು."

"ನಾನು ಎರಡು ತಿಂಗಳಿಂದ ಈ ಕರಾವಳಿಯ ಕಾಣೆಯಾದವರ ಪಟ್ಟಿಗಳನ್ನ ಅರೆದು ಕುಡಿದಿದ್ದೀನಿ. ಆ ವಾರ, ಆ ತಿಂಗಳು, ನಲವತ್ತು ಮೈಲಿಯ ಆಚೆ ಈಚೆ, ದೋಣಿ ಹೋಗಿ ಬರಲಿಲ್ಲ ಅಂತ ಎಷ್ಟು ದೂರು ಬಂದಿವೆ ಗೊತ್ತಾ? ಒಂದೇ ಒಂದು. ಅದು ನಿಮ್ಮ ಎಳೆಗರು. ಇನ್ನೊಂದು ದೂರೇ ಇಲ್ಲ."

ಹಾಯಿಯಕ್ಕನಿಗೆ ಅರ್ಥವಾಗಲು ಅರೆಕ್ಷಣ ಹಿಡಿಯಿತು.

"ಅಂದರೆ..."

"ಮನೆಯ ನಾಲ್ಕು ಜನ ಸಮುದ್ರಕ್ಕೆ ಹೋಗಿ ಬರಲಿಲ್ಲ ಅಂದರೆ ಯಾರಾದರೂ ಎದೆ ಬಡ್ಕೊಳ್ತಾರೆ, ತಾಯಿ. ಯಾರೂ ಬಡ್ಕೊಂಡಿಲ್ಲ. ಅಂದರೆ ಅವರೆಲ್ಲ ಮನೆ ಸೇರಿದ್ದಾರೆ. ಮಗುಚಿದ ದೋಣಿಯೋರು ಮಂಜಿನಲ್ಲಿ ತಾವಾಗಿ ಮನೆ ಸೇರಲ್ಲ. ಯಾರೋ ಸೇರಿಸಿದ್ದಾರೆ. ಅವರನ್ನ ಸೇರಿಸಿದೋನು ಮಾತ್ರ ಸೇರಲಿಲ್ಲ ಅಂತ ಹೇಗೆ ನಂಬೋದು?"

ನಕ್ಷೆಯಣ್ಣ ಬಾಟಲಿಯನ್ನು ಹಿಡಿದುಕೊಂಡೇ ಎದ್ದುನಿಂತ. ನೀರು ಚೆಲ್ಲುತ್ತಿದ್ದುದು ಅವನಿಗೆ ತಿಳಿಯಲಿಲ್ಲ.

"ಬದುಕಿದ್ದಾನೆ ಅಂತೀರಾ?"

"ಸತ್ತಿದ್ದಾನೆ ಅನ್ನೋಕೆ ಇಷ್ಟು ದಿನ ಇದ್ದ ಒಂದೇ ಆಧಾರ ಈ ಪಟ್ಟಿ. ಅದು ಸುಳ್ಳು ಅಂತ ನೀವೇ ಹೇಳಿದಿರಿ."

ಹಾಯಿಯಕ್ಕ ಗೋಡೆಗೆ ಒರಗಿ ನಿಂತಳು. ಅಳು ಬಂತು, ನಗೆ ಬಂತು, ಎರಡೂ ಒಟ್ಟಿಗೆ ಬಂದವು. ಮೂರು ವರ್ಷ ಅವಳ ನಂಬಿಕೆಗೆ ಎದೆಯೊಂದೇ ಸಾಕ್ಷಿಯಾಗಿತ್ತು. ಈಗ ಬುದ್ಧಿಯೂ ಅವಳ ಪಕ್ಷಕ್ಕೆ ಬಂದಿತ್ತು.

"ಹಾಗಾದರೆ ಮೂರು ವರ್ಷ ಯಾಕೆ ಬರಲಿಲ್ಲ, ಸರ್? ಒಂದು ಮಾತು ಯಾಕೆ ಹೇಳಿಕಳಿಸಲಿಲ್ಲ?"

"ಅದು ನನಗೂ ಗೊತ್ತಿಲ್ಲ," ಎಂದರು ಭೂತಗನ್ನಡಿ. "ಮೊದಲು ಬಂದರು ಕಚೇರಿಗೆ ಹೋಗಿ ನಿಮ್ಮ ಆಗಮನ ನೋಂದಾಯಿಸೋಣ. ಆ ಬಂಡೆಗಳಿಂದ ಹತ್ತಿರದ ಬಂದರು ಇದೇ. ಅಲ್ಲಿನ ಹಳೇ ಪುಸ್ತಕಗಳನ್ನೂ ನೋಡಬೇಕು. ನೀವೂ ಬನ್ನಿ, ಸ್ವಾಮಿ. ಜಾಗ ತೋರಿಸೋಕೆ ನೀವೇ ಬೇಕು."

*

ಬಂದರು ಕಚೇರಿ ಎಂದರೆ ದೀಪಸ್ತಂಭದ ಬುಡದ ಒಂದು ಕೋಣೆ. ಮೇಜು, ರೇಡಿಯೊ, ಗೋಡೆ ಗಡಿಯಾರ, ಪಕ್ಕದಲ್ಲೊಂದು ಕ್ಯಾಲೆಂಡರು, ಒಬ್ಬ ಗುಮಾಸ್ತ. ಅವನು ಟೊಮ್ಯಾಟೊ ಬ್ರೆಡ್ ತಿನ್ನುತ್ತಿದ್ದ. ಇವರನ್ನು ಕಂಡು ಕೈ ಒರೆಸಿಕೊಂಡು ಪುಸ್ತಕ ತೆರೆದ.

"ದೋಣಿ ಹೆಸರು?"

"ಎಳೆಗರು," ಎಂದಳು ಹಾಯಿಯಕ್ಕ.

ಪೆನ್ನು ಅಲ್ಲೇ ನಿಂತಿತು. ಗುಮಾಸ್ತ ತಲೆ ಎತ್ತಿ ಅವಳನ್ನು ನೋಡಿದ, ಗಡಿಯಾರ ನೋಡಿದ.

"ನಿಜವಾಗಲೂ ಇದೆಯಾ ಆ ದೋಣಿ? ನಾನು ತಮಾಷೆ ಅಂದ್ಕೊಂಡಿದ್ದೆ."

"ಯಾವುದು ತಮಾಷೆ?" ಭೂತಗನ್ನಡಿಯ ದನಿ ಚುರುಕಾಯಿತು.

"ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೊದಲ್ಲಿ ಒಬ್ಬ ಹೆಂಗಸು ಕೇಳ್ತಾರೆ, 'ಎಳೆಗರು ಬಂತಾ?' ಅಂತ. ನಾನು ಇಲ್ಲ ಅಂತೀನಿ. 'ಸರಿ, ಥ್ಯಾಂಕ್ಸ್' ಅಂತಾರೆ. ಅಷ್ಟೇ. ನಾನು ಬಂದು ಒಂದೂವರೆ ವರ್ಷ ಆಯ್ತು, ಒಂದು ವಾರನೂ ತಪ್ಪಿಲ್ಲ. ಹಿಂದಿದ್ದೋರೂ ಹೇಳಿಹೋಗಿದ್ದರು, ಹೀಗೊಂದು ಕರೆ ಬರುತ್ತೆ, ಇಲ್ಲ ಅಂದರೆ ಸಾಕು ಅಂತ."

"ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳಲಿಲ್ಲವಲ್ಲ, ಸರ್."

ನಕ್ಷೆಯಣ್ಣ ಬಾಗಿಲಿಗೆ ಕೈ ಕೊಟ್ಟು ನಿಂತ. ತನ್ನ ಕುರ್ಚಿಯಿಂದ ಕೂಗಳತೆಯ ದೂರದಲ್ಲಿ ವಾರವಾರವೂ ಆ ಪ್ರಶ್ನೆ ಬಂದು ಹೋಗುತ್ತಿತ್ತು.

"ಈ ರೇಡಿಯೊ ಎಷ್ಟು ದೂರ ಹಿಡಿಯುತ್ತೆ?" ಭೂತಗನ್ನಡಿ ಕೇಳಿದರು.

"ಹೆಚ್ಚಂದರೆ ಮೂವತ್ತು ಮೈಲಿ."

"ಇವತ್ತು ಯಾವ ವಾರ?"

ಎಲ್ಲರ ಕಣ್ಣೂ ಗೋಡೆಯ ಕಡೆ ತಿರುಗಿತು. ಶನಿವಾರ. ಹನ್ನೆರಡಕ್ಕೆ ಎರಡು ನಿಮಿಷ.

ಆ ಎರಡು ನಿಮಿಷ ಹಾಯಿಯಕ್ಕನಿಗೆ ಅರವತ್ತನಾಲ್ಕು ದಿನಕ್ಕಿಂತ ಉದ್ದವಾಯಿತು.

ರೇಡಿಯೊ ಗರಗರ ಎಂದಿತು.

"ಬಂದರು ಕಚೇರಿ, ಬಂದರು ಕಚೇರಿ. ಎಳೆಗರು ಬಂತಾ?"

ವಯಸ್ಸಾದ ಹೆಂಗಸಿನ ದನಿ. ಆತುರವಿಲ್ಲ, ಬೇಸರವಿಲ್ಲ. ಗುಮಾಸ್ತ ರೂಢಿಯಂತೆ "ಇಲ್..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. ಹಾಯಿಯಕ್ಕ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಬಂದಿದೆ," ಎಂದಳು. "ಎಳೆಗರು ಬಂದಿದೆ."

ಬಹಳ ಹೊತ್ತು ಬರೀ ಗರಗರ.

"ಯಾರು ಮಾತಾಡ್ತಿರೋದು?"

"ಅದನ್ನ ನಡೆಸಿಕೊಂಡು ಬಂದೋಳು."

"ಹಾಯಿಗಂಬದ ಬುಡದಲ್ಲಿ ಏನು ಹೂತಿಟ್ಟಿದ್ದಾರೆ, ಹೇಳಮ್ಮ."

ಹಾಯಿಗಂಬ ನಿಲ್ಲಿಸಿದ ದಿನ ಅಣ್ಣ, ತಂಗಿ ಇಬ್ಬರೇ ಇದ್ದರು. ಮೂರನೆಯವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

"ಅಮ್ಮನ ಹೊಲಿಗೆ ಮಿಷನ್ನಿನ ಬಾಬಿನ್."

ಆ ಕಡೆ ದೂರದಲ್ಲಿ ಯಾರೋ ಗಂಡಸು ಏನೋ ಹೇಳಿದ. ಮಾತು ತಿಳಿಯಲಿಲ್ಲ. ದನಿ ತಿಳಿಯಿತು. ಹಾಯಿಯಕ್ಕ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನಕ್ಷೆಯಣ್ಣ ಬಾಗಿಲಲ್ಲೇ ಕುಕ್ಕರಿಸಿದ.

"ಇದ್ದಾರಮ್ಮ," ಎಂದಿತು ಹೆಂಗಸಿನ ದನಿ. ಈಗ ಅದರಲ್ಲೂ ನಡುಕವಿತ್ತು. "ಚೆನ್ನಾಗಿದ್ದಾರೆ. ನಮ್ಮ ಮನೆಯ ನಾಲ್ಕು ಜೀವ ಉಳಿಸಿದೋರು. ನಾಳೆ ಬೆಳಿಗ್ಗೆ ಎಳೆಗರು ತಗೊಂಡು ಆ ಬಂಡೆಗಳ ಹತ್ತಿರ ಬನ್ನಿ, ನಾವೇ ಎದುರಿಗೆ ಬರ್ತೀವಿ. ಗಂಟೆ ಬಾರಿಸಬೇಕಾದೋರು ಇದ್ದರೆ ಅವರನ್ನೂ ಕರ್ಕೊಂಡು ಬನ್ನಿ ಅಂತಿದ್ದಾರೆ. ಸಿಟ್ಟೇನೂ ಇಲ್ಲವಂತೆ."

"ಅವನ ಕೈಗೆ ಕೊಡಿ! ಒಂದೇ ಒಂದು ಮಾತು!"

"ಆಗಲ್ಲಮ್ಮ. 'ನನ್ನ ದನಿ ಹೊರಗೆ ಹೋಗಬಾರದು' ಅಂತಾರೆ. ಮೂರು ವರ್ಷದಿಂದ ಹಾಗೇ ಇದ್ದಾರೆ. ಒಬ್ಬರಿಗೆ ಹೆದರಿಕೊಂಡು."

"ಯಾರಿಗೆ?"

ಗರಗರ ಸದ್ದು ಏರಿತು, ಇಳಿಯಿತು.

"ಹಡಗು ತಪಾಸಣೆ ಮಾಡ್ತಿದ್ದೋರಂತೆ. ಭೂತಗನ್ನಡಿ ಅಂತ ಕರೀತಾರಂತೆ. ಅವರು ಸಹಿ ಹಾಕಿ ಬಿಟ್ಟ ಯಾವುದೋ ಹಡಗಿನ ಗುಟ್ಟು ಇವರಿಗೆ ಗೊತ್ತಂತೆ. ತಾನು ಬದುಕಿರೋದು ಅವರೊಬ್ಬರಿಗೆ ಮಾತ್ರ ಗೊತ್ತಾಗಬಾರದಂತೆ."

ಹಾಯಿಯಕ್ಕ ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ನಿಧಾನವಾಗಿ ತಿರುಗಿದಳು.

ಭೂತಗನ್ನಡಿ ಗೋಡೆಯನ್ನು ಹಿಡಿದು ನಿಂತಿದ್ದರು. ಕಾಲ ಕೆಳಗೆ ಗಟ್ಟಿ ನೆಲವೇ ಇತ್ತು.